ಜರ್ಮನ್ ಒಲೆಗೆ ಬಂದ ಕಾಯಿಲೆ

ವಗ್ದಿ ಮೇಷ್ಟ್ರು ಆ ದಿನ ಮೊದಲು ಹೇಳಿದ್ದು ಒಂದೇ ಒಂದು ಸುಳ್ಳು. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದರು. ಆದರೆ ಅರ್ಧ ಆಯುಷ್ಯ ಭೂಗೋಳ ಪಾಠ ಮಾಡಿದ ಮನುಷ್ಯ, ಯಾವ ವಿಷಯವನ್ನೂ ವಿವರಿಸದೆ ಬಿಟ್ಟು ಗೊತ್ತಿಲ್ಲ. ಸುಳ್ಳನ್ನೂ ವಿವರಿಸಿದರು.

ಎಲ್ಲಕ್ಕೂ ಮೂಲ ಅವರ ಅಡುಗೆಮನೆಯಲ್ಲಿದ್ದ ಜರ್ಮನ್ ಒಲೆ. ಅವರ ಮಾವ ಕುವೈತಿನಲ್ಲಿ ದುಡಿದು, ಮಗಳು ಇಂತಿಸಾರಳ ಮದುವೆಗೆಂದು ಹಡಗಿನಲ್ಲಿ ತರಿಸಿದ್ದು. ಮೇಲೆ ಆರು ಬರ್ನರ್, ಕೆಳಗೆ ಒಂದು ಕುರಿ ಕಾಲು ಚಾಚಿ ಮಲಗುವಷ್ಟು ದೊಡ್ಡ ಓವನ್. ಕೈರೋದ ಶುಬ್ರಾದಲ್ಲಿದ್ದ ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮೂರನೇ ಮಹಡಿಗೆ ಅದನ್ನು ಹೊತ್ತು ತಂದ ಹಮಾಲಿಗಳಲ್ಲಿ ಒಬ್ಬ ಆವತ್ತೇ ಆ ಕೆಲಸ ಬಿಟ್ಟು ಟೊಮೆಟೊ ಮಾರಲು ಹೋದ. ಈಗ ಒಲೆಗೂ ವಯಸ್ಸಾಗಿತ್ತು. ಓವನ್ನಿನ ಗುಂಡಿ ಬಿದ್ದುಹೋಗಿ ಅದರ ಕಡ್ಡಿಯನ್ನು ಇಕ್ಕಳದಲ್ಲಿ ತಿರುಗಿಸಬೇಕಿತ್ತು, ಬಾಗಿಲು ತನಗೆ ಮನಸ್ಸು ಬಂದಾಗ ತೆರೆದುಕೊಳ್ಳುತ್ತಿತ್ತು. ಆದರೂ ಒಳಗಿಟ್ಟದ್ದನ್ನು ಅಂಚಿನಿಂದ ನಡುವಿನವರೆಗೆ ಒಂದೇ ಹದದಲ್ಲಿ ಬೇಯಿಸುವುದರಲ್ಲಿ ಇಡೀ ಬೀದಿಯಲ್ಲಿ ಅದಕ್ಕೆ ಸಾಟಿ ಇರಲಿಲ್ಲ. ಮಾವನಿಗೆ ಅಳಿಯನಿಗಿಂತ ಅದರ ಮೇಲೆಯೇ ಹೆಚ್ಚು ನಂಬಿಕೆ. ಎಲ್ಲಿಗಾದರೂ ಹೊರಟರೆ ಟೆಲಿಫೋನಿನ ವೈರ್ ಕಿತ್ತು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ ಆಸಾಮಿ ಅವರು. ತೀರಿಕೊಂಡಾಗ ಮಗಳಿಗೆ ಅವರ ಹುಬ್ಬು ಉಳಿಯಿತು, ಗಲ್ಲ ಉಳಿಯಿತು, ಈ ಒಲೆ ಉಳಿಯಿತು.

ರಂಜಾನ್ ತಿಂಗಳು ಮುಗಿಯುತ್ತ ಬಂತೆಂದರೆ ಮೇಷ್ಟ್ರ ಎದೆ ಡವಡವ ಅನ್ನುತ್ತಿತ್ತು. ಹಬ್ಬಕ್ಕೆ ಕಹಕ್ ಆಗಬೇಕಲ್ಲ! ಹಿಟ್ಟನ್ನು ತುಪ್ಪದಲ್ಲಿ ನಾದಿ, ಖರ್ಜೂರ ತುಂಬಿ, ಮೇಲೆ ಚಿತ್ತಾರ ಕೊರೆದು ಬೇಯಿಸುವ ಆ ಬಿಸ್ಕತ್ತು ಇಲ್ಲದಿದ್ದರೆ ಶುಬ್ರಾದಲ್ಲಿ ಹಬ್ಬವೆಂದು ಯಾರೂ ಒಪ್ಪುವುದಿಲ್ಲ. ಬೇಕರಿಯಲ್ಲಿ ಬೇಯಿಸಿಕೊಂಡು ಬರೋಣವೆಂದರೆ ಸಾಲು ಮುಂದಿನ ಬೀದಿಯವರೆಗೆ. ಹೀಗಾಗಿ ಇಡೀ ಕಟ್ಟಡದ ಹೆಂಗಸರು ಟ್ರೇ ಹೊತ್ತು ಮೇಷ್ಟ್ರ ಮನೆಗೇ ಬರುತ್ತಿದ್ದರು. ಮೇಷ್ಟ್ರಿಗೋ ‘ಆಗಲ್ಲ’ ಅನ್ನುವ ಮಾತು ಹುಟ್ಟಿದಾಗಿನಿಂದ ಬಾಯಿಗೆ ಬಂದದ್ದಿಲ್ಲ. ಹೋದ ವರ್ಷ ಎಲ್ಲರ ಟ್ರೇ ಮುಗಿದು, ಅತ್ತೆ ಹಾಜಮ್ಮ ಬಹೀಗಾ ತಮ್ಮೂರು ತಾಂಟಾದಿಂದ ಹೊತ್ತು ತಂದಿದ್ದ ಟ್ರೇಗಳ ಸರದಿ ಬರುವಷ್ಟರಲ್ಲಿ ಓವನ್ ಕೆಂಡವಾಗಿತ್ತು. ಕಹಕ್ ಕಲ್ಲಾಯಿತು. ಹಾಜಮ್ಮ ತಾವೇ ಮಾಡಿದ ಕಹಕ್ ಕಚ್ಚಿ ಕಟ್ಟಿಸಿಕೊಂಡಿದ್ದ ಹಲ್ಲು ಮುರಿದುಕೊಂಡರು.

ಅದಕ್ಕೇ ಈ ಸಲ ಇಂತಿಸಾರ್ ನಸುಕಿನ ಊಟ ಮುಗಿಸಿದವಳೇ ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಳು.

“ನೋಡ್ರೀ, ಅಮ್ಮನ್ನ ಕರ್ಕೊಂಡು ಇಫ್ತಾರ್ ಹೊತ್ತಿಗೆ ಬಂದ್ಬಿಡ್ತೀನಿ. ಈ ವರ್ಷ ಮೊದಲು ಒಳಗೆ ಹೋಗೋದು ಅಮ್ಮನ ಟ್ರೇ. ಆಮೇಲೆ ಬೇಕಾದ್ರೆ ಊರೆಲ್ಲ ಬೇಯಿಸಿಕೊಳ್ಳಲಿ. ಹಾಗೇನಾದ್ರೂ ಆಗ್ಲಿಲ್ವೋ, ಅಮ್ಮನ ಜೊತೆ ನಾನೂ ತಾಂಟಾಕ್ಕೆ ಹೊರಟೆ. ಹಬ್ಬ ನೀವೊಬ್ರೇ ಮಾಡ್ಕೊಳ್ಳಿ.”

“ಉಮ್ ಶಿರೀನ್ ಬಂದ್ರೆ ಏನೇ ಹೇಳ್ಲಿ?”

“ಏನೂ ಹೇಳ್ಬೇಡಿ. ನಾನು ಎಲ್ಲಾ ವ್ಯವಸ್ಥೆ ಮಾಡಿದೀನಿ. ನೀವು ಬಾಯಿ ಬಿಡದೆ ಇದ್ರೆ ಅದೇ ದೊಡ್ಡ ಉಪಕಾರ.”

ವ್ಯವಸ್ಥೆ ಅಂದರೆ ಸಂಜೆಯ ಸಾರಿಗೆ ನೆನೆಹಾಕಿದ ಬೇಳೆ ಇರಬೇಕೆಂದುಕೊಂಡು ಮೇಷ್ಟ್ರು ಮತ್ತೆ ಮಲಗಿದರು.

ಬಿಸಿಲು ಏರುವ ಮೊದಲೇ ಬಾಗಿಲಲ್ಲಿ ದಬದಬ ಸದ್ದಾಯಿತು. ಎರಡನೇ ಮಹಡಿಯ ಉಮ್ ಶಿರೀನ್. ತಲೆಯ ಮೇಲೊಂದು ಟ್ರೇ, ಕೈಯಲ್ಲೆರಡು ಟ್ರೇ, ಮುಖದ ತುಂಬ ನಗು.

“ಹಬ್ಬದ ಮುಂಗಡ ಶುಭಾಶಯ ಮೇಷ್ಟ್ರೇ! ನಾನೇ ಮೊದಲು ತಾನೇ? ಆ ನಾಲ್ಕನೇ ಮಹಡಿಯವಳು ಇನ್ನೂ ಹಿಟ್ಟು ನಾದ್ತಾ ಇದಾಳೆ. ಸರೀರಿ ಸ್ವಲ್ಪ.”

ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. ಹೆಂಡತಿಯ ಹುಬ್ಬು ನೆನಪಾಯಿತು. “ಒಲೆ... ಒಲೆ ಕೆಟ್ಟಿದೆ,” ಅಂದುಬಿಟ್ಟರು.

ಉಮ್ ಶಿರೀನಳ ನಗು ಆರಿಹೋಯಿತು. ಅಲ್ಲಿಗೆ ಸುಮ್ಮನಾಗಬೇಕಿತ್ತು. ಆದರೆ ಆಕೆಯ ಮುಖ ನೋಡಿ ಮೇಷ್ಟ್ರಿಗೆ ಕರುಳು ಚುರ್ ಅಂದಿತು. ಸಮಾಧಾನ ಮಾಡಲು ಹೋದರು.

“ಒಂದು ವಾರ ಆಯ್ತು ಕಣಮ್ಮ. ಓವನ್ ಹೊತ್ಕೊಳ್ಳೋದೇ ಇಲ್ಲ. ಈ ಜರ್ಮನ್ ಒಲೆ ರಿಪೇರಿ ಮಾಡೋ ತಜ್ಞರು ಇಡೀ ಕೈರೋದಲ್ಲಿ ಒಬ್ರೇ ಅಂತೆ. ಅವರು ಯಾರ ಕೈಗೂ ಸಿಗಲ್ವಂತೆ. ಅದೇ ಚಿಂತೇಲಿ ನಂಗೆ ನಿದ್ದೆ ಇಲ್ಲ, ಏನು ಮಾಡೋದು?”

“ಅಯ್ಯೋ ನನ್ನ ತಮ್ಮಾ!” ಅಂದಳು ಉಮ್ ಶಿರೀನ್, ಕಣ್ಣಲ್ಲಿ ನೀರು ತಂದುಕೊಂಡು. “ವಾರದಿಂದ ಇಷ್ಟು ಕಷ್ಟ ಒಬ್ಬರೇ ನುಂಗ್ಕೊಂಡು ಇದೀರಾ? ನಾವೇನು ಸತ್ತು ಹೋಗಿದ್ವಾ?” ಟ್ರೇಗಳನ್ನು ಮೇಷ್ಟ್ರ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ಮೆಟ್ಟಿಲಿನ ಕಟಕಟೆಗೆ ಬಗ್ಗಿ ಕೂಗಿದಳು: “ಹಾಜಿ ಮಹರೂಸ್! ಓ ಹಾಜಿ ಸಾಹೇಬ್ರೇ! ಮೇಷ್ಟ್ರಿಗೆ ಕಷ್ಟ ಬಂದಿದೆ!”

ಹಾಜಿ ಮಹರೂಸ್ ನೆಲಮಹಡಿಯವರು, ನಿವೃತ್ತ ಟ್ರಾಮ್ ಇನ್ಸ್‌ಪೆಕ್ಟರ್. ಟ್ರಾಮ್ ಹಳಿಯನ್ನೇ ಕಿತ್ತುಹಾಕಿದ್ದರೂ ಅವರ ಇನ್ಸ್‌ಪೆಕ್ಟರಿಕೆಯನ್ನು ಯಾರೂ ಕೀಳಲಾಗಿರಲಿಲ್ಲ. ಬೀದಿಯಲ್ಲಿ ಯಾರ ಮನೆಗೆ ಏನು ಬಂತು, ಏನು ಹೋಯಿತು, ಎಲ್ಲ ತಪಾಸಣೆ ಅವರದೇ. ಏದುಸಿರು ಬಿಡುತ್ತ ಮೇಲೆ ಬಂದು ಎಲ್ಲ ಕೇಳಿ, ಮೀಸೆ ಸವರಿದರು.

“ಜರ್ಮನ್ ಒಲೆ ತಜ್ಞ ಅಂದ್ರೆ ಇಂಜಿನಿಯರ್ ನಸೀಫ್ ತಾನೇ? ಆರು ತಿಂಗಳು ಕಾದ್ರೂ ಸಿಗೋ ಆಳಲ್ಲ. ಆದ್ರೆ ಅವನ ಅಪ್ಪ ನನ್ನ ಟ್ರಾಮ್‌ನಲ್ಲಿ ಟಿಕೆಟ್ ಇಲ್ದೆ ಓಡಾಡ್ತಿದ್ದ, ಒಂದು ದಿನಾನೂ ಕೆಳಗಿಳಿಸಿಲ್ಲ ನಾನು. ಆ ಋಣ ಇವತ್ತು ತೀರ್ಲಿ.”

“ಬೇಡಿ ಹಾಜಿ ಸಾಹೇಬ್ರೇ! ಉಪವಾಸದ ದಿನ, ಬಿಸಿಲು ಬೇರೆ, ಪಾಪ ಅವರಿಗ್ಯಾಕೆ ತೊಂದ್ರೆ...”

“ಸುಮ್ನಿರಿ ಮೇಷ್ಟ್ರೇ. ನಿಮ್ಮ ಸಂಕೋಚಾನೇ ನಿಮ್ಮನ್ನ ಹಾಳು ಮಾಡಿದ್ದು.”

ಈ ಮಾತು ಮಾತ್ರ ಅಕ್ಷರಶಃ ನಿಜವಾಗಿತ್ತು.

ಮಧ್ಯಾಹ್ನದ ನಮಾಜ್ ಮುಗಿಯುವ ಹೊತ್ತಿಗೆ ಇಂಜಿನಿಯರ್ ನಸೀಫ್ ಬಂದೇಬಿಟ್ಟರು. ಟೈ ಕಟ್ಟಿದ್ದರು, ಮೇಲೊಂದು ಬಿಳಿ ಕೋಟು. ಹಿಂದಿನಿಂದ ಉಪಕರಣದ ಪೆಟ್ಟಿಗೆ ಹೊತ್ತು ಹಾಜಿ ಮಹರೂಸ್, ಅವರ ಹಿಂದೆ ಉಮ್ ಶಿರೀನ್, ಆಕೆಯ ಹಿಂದೆ ಆಪರೇಷನ್ ನೋಡಲು ಬಂದ ನಾಲ್ಕನೇ ಮಹಡಿಯ ಮದಾಮ್ ಸಫೀನಾಜ್, ಅವಳ ಕೈಯಲ್ಲೂ ಟ್ರೇ. ನಸೀಫ್ ಯಾವ ಇಂಜಿನಿಯರಿಂಗ್ ಕಾಲೇಜಿನ ಗೇಟೂ ದಾಟಿದವರಲ್ಲ. ಆದರೆ ಇಂಜಿನಿಯರ್ ಅನ್ನದಿದ್ದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಮೇಷ್ಟ್ರು ಲೆಕ್ಕ ಹಾಕಿದರು. ಈ ಮನುಷ್ಯ ಇಕ್ಕಳ ತಿರುಗಿಸುತ್ತಾನೆ, ಓವನ್ ಭಗ್ಗನೆ ಹೊತ್ತಿಕೊಳ್ಳುತ್ತದೆ, ಉಪವಾಸ ಹಿಡಿದು ಸುಳ್ಳು ಹೇಳಿದ ಮೇಷ್ಟ್ರು ಎಂದು ಹಬ್ಬದ ನಮಾಜಿನಲ್ಲಿ ಜನ ಬೆರಳು ಮಾಡುತ್ತಾರೆ. ಹೊತ್ತು ಕಳೆಯಲು ಮೇಷ್ಟ್ರು ಕೊನೆಯ ಅಸ್ತ್ರ ತೆಗೆದರು.

“ಇಂಜಿನಿಯರ್ ಸಾಹೇಬ್ರೇ, ನೀವು ಕ್ರೈಸ್ತರು, ನಿಮಗೆ ಉಪವಾಸ ಇಲ್ಲ. ಮೊದಲು ಕೂತ್ಕೊಳ್ಳಿ. ಚಹಾ ಕುಡೀರಿ. ಎರಡು ಚಹಾ ಕುಡೀರಿ.”

ನಸೀಫ್ ಕೆಂಡವಾದರು. “ನಾನು ಶುಬ್ರಾದಲ್ಲಿ ಹುಟ್ಟಿದೋನು ಸ್ವಾಮಿ! ನೀವೆಲ್ಲ ಒಣಗಿದ ಬಾಯಲ್ಲಿ ನಿಂತಿರುವಾಗ ನಾನು ಸೊರ್ ಅಂತ ಚಹಾ ಹೀರ್ಲಾ? ನನ್ನನ್ನ ಏನು ಅಂದ್ಕೊಂಡಿದೀರಿ?”

“ಛೇ ಛೇ ಮೇಷ್ಟ್ರೇ,” ಅಂದರು ಎಲ್ಲರೂ.

ನಸೀಫ್ ಒಲೆಯ ಮುಂದೆ ಮಂಡಿಯೂರಿ ಅದರ ಬೆನ್ನು ತಟ್ಟಿದರು. “ವಯಸ್ಸೆಷ್ಟು?”

“ನಲವತ್ತೆಂಟು,” ಅಂದರು ಮೇಷ್ಟ್ರು ತೊದಲುತ್ತ.

“ನಿಮ್ಮದಲ್ಲ. ಒಲೆದು.”

ಇಕ್ಕಳದಿಂದ ಗುಂಡಿಯ ಕಡ್ಡಿಯನ್ನು ಒತ್ತಿ ಹಿಡಿದು, ತಿರುಗಿಸಿ, ಬೆಂಕಿಕಡ್ಡಿ ಗೀರಿ ಒಳಗೆ ಚಾಚಿದರು. ಭಗ್! ಉರಿ ಹೊತ್ತಿಕೊಂಡಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ಇನ್ನು ತಪ್ಪೊಪ್ಪಿಕೊಳ್ಳುವುದೇ ವಾಸಿಯೆಂದು ಬಾಯಿ ತೆರೆದರು. ಅಷ್ಟರಲ್ಲಿ ನಸೀಫ್ ಇಕ್ಕಳ ಸಡಿಲಿಸಿದರು. ಪುಸ್! ಉರಿ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು.

“ಹೂಂ,” ಅಂದರು ನಸೀಫ್. “ಕಾಯಿಲೆ ಇದೆ.”

ಮೇಷ್ಟ್ರಿಗೆ ಕುಣಿಯುವಂತಾಯಿತು. ಅಲ್ಲಾಹನ ಕರುಣೆಯೇ ಕರುಣೆ! ಒಬ್ಬ ಬಡ ಮೇಷ್ಟ್ರ ಮಾನ ಉಳಿಸಲು ಅಷ್ಟು ದೊಡ್ಡ ಜರ್ಮನ್ ಒಲೆಯನ್ನೇ ಕೆಡಿಸಿಬಿಟ್ಟನಲ್ಲ! ಆ ಸಂತೋಷ ಮೂರು ಸಲ ಉಸಿರಾಡುವಷ್ಟು ಹೊತ್ತು ಇತ್ತು. ಆಮೇಲೆ ಮುಂದಿನದು ಹೊಳೆಯಿತು. ಒಲೆ ನಿಜಕ್ಕೂ ಕೆಟ್ಟಿದೆ. ಇಂತಿಸಾರ್ ಬರುತ್ತಾಳೆ. ಹಾಜಮ್ಮ ಬಹೀಗಾ ಟ್ರೇ ಹೊತ್ತು ಬರುತ್ತಾರೆ. ಸಂಜೆ ಟ್ರೇ ಒಳಗೆ ಹೋಗದಿದ್ದರೆ ಹಬ್ಬಕ್ಕೆ ಮನೆಯಲ್ಲಿ ತಾನು ಮತ್ತು ನೆನೆದ ಬೇಳೆ, ಇಬ್ಬರೇ.

“ಇಂಜಿನಿಯರ್ ಸಾಹೇಬ್ರೇ!” ಎಂದು ನಸೀಫರ ಕೋಟು ಹಿಡಿದುಕೊಂಡರು. “ಏನಾದ್ರೂ ಮಾಡಿ, ಸಂಜೆಯೊಳಗೆ ಇದು ಉರೀಬೇಕು. ನನ್ನ ಸಂಸಾರ ಇದರೊಳಗಿದೆ!”

“ನೋಡಿ, ಎಷ್ಟು ಹಚ್ಕೊಂಡಿದಾರೆ,” ಅಂದು ಉಮ್ ಶಿರೀನ್ ಮತ್ತೆ ಕಣ್ಣೊರೆಸಿಕೊಂಡಳು.

ನಸೀಫ್ ಕೋಟಿನ ತೋಳು ಮಡಚಿದರು. ಬಾಗಿಲು ಕಳಚಿತು. ತಳದ ತಗಡು ಬಂತು. ಹಿಂಬದಿ ಬಂತು. ಒಂದೊಂದು ಬಿಡಿಭಾಗ ಹೊರಬಂದಾಗಲೂ ಅದರ ಗುಣಗಾನ ಮಾಡಿ, ಹಾಸಿದ ಚಾದರದ ಮೇಲೆ ಮಲಗಿಸಿದರು. ನಡುಮನೆಯ ತುಂಬ ಜರ್ಮನ್ ಒಲೆ ಹರಡಿಕೊಂಡಿತು. ಹಾಜಿ ಮಹರೂಸ್ ಸ್ಕ್ರೂಗಳನ್ನು ಚಹಾ ಬಟ್ಟಲಿಗೆ ಹಾಕಿಟ್ಟರು. ಮದಾಮ್ ಸಫೀನಾಜ್ ಅದು ಖಂಡಿತ ಕಣ್ಣು ತಾಗಿದ್ದೇ ಎಂದು ಉಮ್ ಶಿರೀನಳನ್ನೇ ನೋಡುತ್ತ ಹೇಳಿ, ಲೋಬಾನ ಹಚ್ಚಿ ಹೊಗೆ ಹಾಕಿದಳು. ನಸೀಫ್ ಕೆಮ್ಮುತ್ತ, ಗ್ಯಾಸ್ ಪೈಪ್ ಬಿಚ್ಚಿದ ಮನೆಯಲ್ಲಿ ಕೆಂಡ ತಂದ ಹೆಂಗಸನ್ನು ಹೊರಗೆ ಕಳಿಸದಿದ್ದರೆ ತಾನೇ ಹೋಗುತ್ತೇನೆಂದು ಕೂಗಿದರು.

ಅದೇ ಹೊತ್ತಿಗೆ ಫೋನ್ ಬಂತು. ಇಂತಿಸಾರ್.

“ಯಾರಾದ್ರೂ ಬಂದಿದ್ರಾ?”

“ಯಾರೂ ಇಲ್ವಲ್ಲ,” ಅಂದರು ಮೇಷ್ಟ್ರು. ಹಿಂದಿನಿಂದ ನಸೀಫ್ ಸುತ್ತಿಗೆಯಲ್ಲಿ ಠಣ್ ಠಣ್ ಬಡಿದರು.

“ಏನದು ಸದ್ದು?”

“ಬೀದೀಲಿ... ಹಬ್ಬಕ್ಕೆ ಪೆಂಡಾಲ್ ಹಾಕ್ತಿದಾರೆ.”

“ನೋಡಿ, ಯಾರಾದ್ರೂ ಬಂದು ಕೇಳಿದ್ರೆ ಬೇಡ ಗೀಡ ಅನ್ಬೇಡಿ. ಒಲೆ ಮುಂದೆ ಕರ್ಕೊಂಡು ಹೋಗಿ ನಿಲ್ಸಿ, ಅಷ್ಟೆ. ಯಾಕಂದ್ರೆ ನಾನು ಬರೋ ಮೊದ್ಲು—” ರೈಲು ಕೂಗಿತು. ಲೈನ್ ಕಡಿಯಿತು. ಹೆಂಡತಿಗೆ ಬಿಸಿಲಿಗೆ ತಲೆ ಕೆಟ್ಟಿರಬೇಕೆಂದು ಮೇಷ್ಟ್ರು ಒಳಗೆ ಬಂದರು.

ಒಳಗೆ ನಸೀಫ್ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಮುಖ ಗಂಭೀರವಾಗಿತ್ತು.

“ಇಲ್ಲಿ ಒಂದು ತಾಮ್ರದ ಕಡ್ಡಿ ಇರ್ಬೇಕು. ಇಷ್ಟೇ ಇಷ್ಟುದ್ದ. ಅದಕ್ಕೆ ಉರಿ ತಾಗ್ತಾ ಇದ್ರೇನೇ ಗ್ಯಾಸ್ ಬರೋದು, ಇಲ್ದಿದ್ರೆ ನಿಂತು ಹೋಗತ್ತೆ. ಆ ಕಡ್ಡಿ ಕೆಟ್ಟಿಲ್ಲ.” ಎಲ್ಲರ ಮುಖ ಒಂದು ಸುತ್ತು ನೋಡಿದರು. “ಕಡ್ಡೀನೇ ಇಲ್ಲ. ಯಾರೋ ಬಿಚ್ಕೊಂಡು ಹೋಗಿದಾರೆ.”

“ಕಳ್ಳತನ!” ಎಂದರು ಹಾಜಿ ಮಹರೂಸ್. ಎಷ್ಟೋ ವರ್ಷದಿಂದ ಮಂಕಾಗಿದ್ದ ಕಣ್ಣು ಫಳಫಳ ಹೊಳೆಯಿತು. ಬಾಗಿಲಿಗೆ ಹೋಗಿ ಚಿಲಕ ಹಾಕಿದರು. “ಯಾರೂ ಅಲ್ಲಾಡ್ಬಾರ್ದು!”

ಆಮೇಲೆ ನಡೆದದ್ದು ಹೇಳಲು ನಾಚಿಕೆಯಾಗುತ್ತದೆ. ಉಮ್ ಶಿರೀನ್ ಹೋದ ವರ್ಷ ತನ್ನದಕ್ಕಿಂತ ಕೆಟ್ಟದಾಗಿ ಬೆಂದ ಕಹಕ್ ಯಾರದೆಂದು ಎಲ್ಲರಿಗೂ ಗೊತ್ತು, ಹೊಟ್ಟೆಕಿಚ್ಚು ಯಾರಿಗೆಂದೂ ಗೊತ್ತು ಅಂದಳು. ಮದಾಮ್ ಸಫೀನಾಜ್ ತಾನು ಒಳ್ಳೆಯ ಮನೆತನದವಳು, ತಾಮ್ರ ಕದಿಯುವ ಜಾತಿಯಲ್ಲ, ಎರಡನೇ ಮಹಡಿಯಲ್ಲಿ ತನ್ನ ಜರಡಿ ಇನ್ನೂ ಇದೆ, ಕೊಟ್ಟು ಎರಡು ರಂಜಾನ್ ಆಯಿತು ಅಂದಳು. ಹಾಜಿ ಮಹರೂಸ್ ಮೇಷ್ಟ್ರನ್ನೇ ನಿಲ್ಲಿಸಿ, ಇನ್ಶೂರೆನ್ಸ್ ಏನಾದರೂ ಮಾಡಿಸಿದ್ದೀರಾ ಎಂದು ಕೇಳಿದರು. ಎಲ್ಲರಿಗೂ ಬಾಯಾರಿತ್ತು, ಹಸಿದಿತ್ತು, ಹೊರಗೆ ಬಿಸಿಲು ಕಾಯುತ್ತಿತ್ತು. ಜಗಳ ಸೊಗಸಾಗಿ ಬೆಳೆಯಿತು.

“ನಿಲ್ಸಿ!” ಮೇಷ್ಟ್ರು ಜನ್ಮದಲ್ಲಿ ಮೊದಲ ಸಲ ಕೂಗಿದರು. ಕೂಗಿ ತಾವೇ ಬೆಚ್ಚಿದರು. “ಯಾರಾದ್ರೂ ತಗೊಂಡಿರ್ಲಿ. ಇಂಜಿನಿಯರ್ ಸಾಹೇಬ್ರೇ, ಬೇರೆ ಕಡ್ಡಿ ಇಲ್ವಾ?”

“ಜರ್ಮನಿಯಿಂದ ಬರ್ಬೇಕು. ಹಬ್ಬ ಆದ್ಮೇಲೆ, ಬಂದ್ರೆ.” ನಸೀಫ್ ಗಲ್ಲ ತುರಿಸಿಕೊಂಡರು. “ಅಥವಾ... ಹಳೇ ಗ್ಯಾಸ್ ಗೀಸರಲ್ಲಿ ಇದೇ ಥರದ್ದು ಇರತ್ತೆ. ಸ್ವಲ್ಪ ಅರ ತಿಕ್ಕಿದ್ರೆ ಕೂರಿಸ್ಬಹುದು.”

ಎಲ್ಲರೂ ಉಮ್ ಶಿರೀನಳ ಕಡೆ ತಿರುಗಿದರು. ಅವಳ ಬಚ್ಚಲಿನ ಇಟಾಲಿಯನ್ ಗೀಸರ್ ಕಟ್ಟಡದಲ್ಲಿ ಎರಡನೇ ಪ್ರತಿಷ್ಠಿತ ವಸ್ತು. ಅವಳು ಎದೆಗೆ ಕೈಯಿಟ್ಟುಕೊಂಡಳು.

“ನನ್ನ ಗೀಸರಾ? ಹಬ್ಬದ ದಿನ ನನ್ನ ಮಕ್ಕಳು ತಣ್ಣೀರು ಸ್ನಾನ ಮಾಡ್ಬೇಕಾ?” ಮೇಷ್ಟ್ರ ಮುಖ ನೋಡಿದಳು. ಕರಗಿದಳು. “ಆಗ್ಲಿ. ಅಕ್ಕಪಕ್ಕದೋರಿಗೆ ಇಲ್ದಿದ್ದು ಯಾಕೆ? ಆದ್ರೆ ಮೊದಲು ನನ್ನ ಟ್ರೇ.”

“ಅಮ್ಮ, ಅದು ಹೇಗೆ...” ಅಂದರು ಮೇಷ್ಟ್ರು.

“ನನ್ನ ಗೀಸರ್ ಬಿಚ್ಚಿ ನಿಮ್ಮ ಅತ್ತೆ ಕಹಕ್ ಬೇಯಿಸ್ಲಾ?”

ಅದಕ್ಕೆ ಉತ್ತರ ಯಾವ ಭೂಗೋಳದಲ್ಲೂ ಇರಲಿಲ್ಲ. ಮೇಷ್ಟ್ರು “ಹೂಂ” ಅಂದರು. ತಜ್ಞರನ್ನು ಕರೆಸಿದ್ದು ತಾನಾದ್ದರಿಂದ ಎರಡನೇ ಸರದಿ ತನ್ನ ಮನೆಯದು ಎಂದರು ಹಾಜಿ ಮಹರೂಸ್. “ಹೂಂ,” ಅಂದರು ಮೇಷ್ಟ್ರು. ಕಳ್ಳಿ ಅನ್ನಿಸಿಕೊಂಡ ಅವಮಾನಕ್ಕೆ ಮೂರನೇ ಸರದಿಯಾದರೂ ಬೇಕೆಂದಳು ಮದಾಮ್ ಸಫೀನಾಜ್. “ಹೂಂ.” ನಸೀಫ್ ಯಾರನ್ನೂ ಕೇಳದೆ ಮನೆಗೆ ಫೋನ್ ಮಾಡಿ, ಟ್ರೇ ಎಲ್ಲ ಇಲ್ಲಿಗೇ ಕಳಿಸಿ ಅಂದರು. ಮೇಷ್ಟ್ರು ನೋಡಿದಾಗ, “ಹಬ್ಬ ನಿಮ್ಮದು ಸ್ವಾಮಿ, ಕಹಕ್ ಎಲ್ಲರದ್ದು,” ಎಂದು ನಕ್ಕರು. “ಹೂಂ,” ಅಂದರು ಮೇಷ್ಟ್ರು.

ಸೂರ್ಯ ಮುಳುಗುವ ಹೊತ್ತಿಗೆ ಒಲೆ ಮತ್ತೆ ಒಂದಾಗಿ ನಿಂತಿತು. ಚಹಾ ಬಟ್ಟಲಿನಲ್ಲಿ ಕೆಲವು ಸ್ಕ್ರೂ ಉಳಿದಿದ್ದವು. ಅವು ಜರ್ಮನರ ದುಂದುಗಾರಿಕೆ ಎಂದರು ನಸೀಫ್. ಬೆಂಕಿಕಡ್ಡಿ ಗೀರಿದರು. ಉರಿ ಹೊತ್ತಿತು. ಇಕ್ಕಳ ಬಿಟ್ಟರು. ಉರಿ ನಿಂತಿತು! ಮದಾಮ್ ಸಫೀನಾಜ್ ಉಲಿಉಲಿ ಎಂದು ಮದುವೆಮನೆಯ ಕೇಕೆ ಹಾಕಿದಳು. ಉಮ್ ಶಿರೀನಳ ಟ್ರೇಗಳು ಒಳಗೆ ಹೋದವು, ಬಾಗಿಲು ಮುಚ್ಚಿತು. ಆಗ ಮೆಟ್ಟಿಲಲ್ಲಿ ಹಾಜಮ್ಮ ಬಹೀಗಾರ ದನಿ ಕೇಳಿಸಿತು.

“ಯಾರ ಮನೇದು ಈ ತುಪ್ಪದ ಘಮ?”

ಬಾಗಿಲಲ್ಲಿ ತಾಯಿ, ಮಗಳು. ತಾಯಿಯ ಕೈಯಲ್ಲಿ ಬಿಳಿ ಬಟ್ಟೆ ಮುಚ್ಚಿದ ಟ್ರೇಗಳು, ಮಗಳ ಕೈಯಲ್ಲಿ ತಾಂಟಾದಲ್ಲೇ ಹುರಿದು ತಂದ ಬಾತುಕೋಳಿ. ಎದುರಿಗೆ ಮೇಜು, ಕುರ್ಚಿ, ಸೋಫಾ, ರೇಡಿಯೋ, ಎಲ್ಲದರ ಮೇಲೂ ಊರವರ ಟ್ರೇ. ಇಂತಿಸಾರ್ ಓವನ್ನಿನ ಗಾಜಿನೊಳಗೆ ಕುಣಿಯುತ್ತಿದ್ದ ಉರಿಯನ್ನು ನೋಡಿದಳು. ಪವಾಡ ಕಂಡವಳಂತೆ ಬಾಯಿ ತೆರೆದವಳು ಮುಚ್ಚಲೇ ಇಲ್ಲ.

ಅವಳು ಮಾತಾಡುವ ಮೊದಲೇ ಉಪವಾಸ ಬಿಡುವ ಮಗ್ರಿಬ್‌ನ ಅಜಾನ್ ಕೂಗಿತು. ಆ ಗಳಿಗೆಯಲ್ಲಿ ಮನೆಯೊಳಗಿದ್ದವರನ್ನು ಊಟವಿಲ್ಲದೆ ಕಳಿಸಿದರೆ ಏಳು ತಲೆಮಾರಿಗೆ ಕೆಟ್ಟ ಹೆಸರು. ಎಲ್ಲರೂ ಕೂತರು. ಹಾಜಮ್ಮ ಅಳಿಯನಿಗೆಂದು ತಂದ ಬಾತುಕೋಳಿಯ ಒಂದು ತೊಡೆ ಹಾಜಿ ಮಹರೂಸರಿಗೆ ಹೋಯಿತು, ಇನ್ನೊಂದು ನಸೀಫರಿಗೆ. ಮೇಷ್ಟ್ರಿಗೆ ಕುತ್ತಿಗೆ ಬಂತು. ತಿನ್ನುತ್ತಲೇ ಉಮ್ ಶಿರೀನ್ ಬೆಳಗಿನಿಂದ ನಡೆದದ್ದನ್ನೆಲ್ಲ ತಾಯಿ ಮಗಳಿಗೆ ವರದಿ ಮಾಡಿದಳು.

“ಸ್ವಲ್ಪ ಒಳಗೆ ಬರ್ತೀರಾ?” ಅಂದಳು ಇಂತಿಸಾರ್, ತುಂಬ ಮೆತ್ತಗೆ. ಮೆತ್ತಗಿನ ದನಿ ಕೇಳಿ ಮೇಷ್ಟ್ರಿಗೆ ಜೀವ ಬಾಯಿಗೆ ಬಂತು.

ಮಲಗುವ ಕೋಣೆಯಲ್ಲಿ ಅವಳು ಚೀಲದಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಒಳಗೆ ತಾಮ್ರದ ಕಡ್ಡಿ.

“ಬಿಚ್ಚೋದು ಅಪ್ಪ ಹೇಳ್ಕೊಟ್ಟಿದ್ರು,” ಅಂದಳು. “ನಿಮಗೆ ಆಗಲ್ಲ ಅನ್ನೋಕೆ ಬರಲ್ಲ ಅಂತ ನಂಗೊತ್ತಿಲ್ವಾ? ಅದಕ್ಕೇ ಇದನ್ನ ತೆಗೆದು ಚೀಲಕ್ಕೆ ಹಾಕ್ಕೊಂಡು ಹೋದೆ. ಬಂದೋರಿಗೆ ನೀವು ‘ಬನ್ನಿ, ಬೇಯಿಸ್ಕೊಳ್ಳಿ’ ಅಂದಿದ್ರೆ ಸಾಕಿತ್ತು ಕಣ್ರೀ. ಒಲೇನೇ ‘ಆಗಲ್ಲ’ ಅಂತಿತ್ತು! ಪಾಪ, ಹಳೇ ಒಲೆ ಅಂದ್ಕೊಂಡು ಬೇಕರಿಗೆ ಹೋಗ್ತಿದ್ರು. ತಜ್ಞರು ಸಿಗ್ತಿಲ್ಲ ಅಂತ ಅಳೋಕೆ ನಿಮಗೆ ಯಾರು ಹೇಳಿದ್ದು?”

“ನಂಗೆ ಮೊದಲೇ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಉಮ್ ಶಿರೀನ್ ಕಣ್ಣೊರೆಸ್ಕೊಂಡ ತಕ್ಷಣ ನನ್ನ ಹಿಂದೇನೇ ರೈಲು ಹತ್ತಿ ಬಂದು ಇಸ್ಕೊಂಡು ಹೋಗ್ತಿದ್ರಿ.”

ಮೇಷ್ಟ್ರು ಮಂಚದ ಮೇಲೆ ಕುಸಿದರು. ಅಷ್ಟರಲ್ಲಿ ಕೈ ತೊಳೆಯಲು ಬಚ್ಚಲು ಹುಡುಕುತ್ತ ಬಂದ ನಸೀಫ್ ತಪ್ಪು ಬಾಗಿಲು ತೆರೆದರು. ಅವರ ಕಣ್ಣು ಕರವಸ್ತ್ರದ ಮೇಲೆ ಬಿತ್ತು.

“ಕಡ್ಡಿ!” ಎಂದು ಕಿರುಚಿದರು. “ಅಸಲಿ ಜರ್ಮನ್ ಕಡ್ಡಿ! ಸಿಕ್ಕಿತು!”

ಬಾತುಕೋಳಿ ಬಿಟ್ಟು ಎಲ್ಲರೂ ಓಡಿ ಬಂದರು. ಹಾಜಿ ಮಹರೂಸ್ ಮುಂದೆ, ಕೈಯಲ್ಲಿ ಇನ್ನೂ ತೊಡೆ. ಹಿಂದಿನಿಂದ ಉಮ್ ಶಿರೀನ್, ಸಫೀನಾಜ್, ಹಾಜಮ್ಮ. “ಎಲ್ಲಿತ್ತು? ಯಾರ ಹತ್ರ ಇತ್ತು?”

ಇಂತಿಸಾರ್ ಒಂದು ಕ್ಷಣ ನೆರೆಹೊರೆಯವರನ್ನು ನೋಡಿದಳು. ಇನ್ನೂ ಇಪ್ಪತ್ತು ವರ್ಷ ಇವರ ಜೊತೆಯೇ ಮೆಟ್ಟಿಲು ಹತ್ತಿ ಇಳಿಯಬೇಕು. ಆಮೇಲೆ ಗಂಡನನ್ನು ನೋಡಿದಳು. ಹುಬ್ಬು ಏರಿತು, ಗಲ್ಲ ಮುಂದೆ ಬಂತು.

“ಇವರ ಪೈಜಾಮದ ಜೇಬಲ್ಲಿತ್ತು,” ಅಂದಳು.

ಅಡುಗೆಮನೆಯಲ್ಲಿ ಓವನ್ ಗುಂಯ್ಯೆಂದು ಉರಿಯುತ್ತಲೇ ಇತ್ತು.

“ನನ್ನ ಗೀಸರ್!” ಎಂದು ಎದೆ ಬಡಿದುಕೊಂಡಳು ಉಮ್ ಶಿರೀನ್.

“ನನ್ನನ್ನ ಕಳ್ಳಿ ಅನ್ನಿಸಿದ್ರಿ!” ಅಂದಳು ಸಫೀನಾಜ್.

“ಉಪವಾಸದ ದಿನ ಮೇಷ್ಟ್ರೇ, ಉಪವಾಸದ ದಿನ!” ಅಂದರು ಹಾಜಿ ಮಹರೂಸ್, ತೊಡೆ ಕಚ್ಚುತ್ತ.

ಹಾಜಮ್ಮ ಬಹೀಗಾ ಎಲ್ಲರನ್ನೂ ಸರಿಸಿ ಮುಂದೆ ಬಂದರು. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನನ್ನ ಕಹಕ್ ಬೇಯಬಾರ್ದು ಅಂತ ಹೀಗೆ ಮಾಡಿದ್ಯೇನಪ್ಪಾ? ಹೋದ ವರ್ಷ ಹಲ್ಲು ಮುರಿಸಿದ್ದು ಸಾಲ್ಲಿಲ್ವಾ?” ಮಗಳ ಕಡೆ ತಿರುಗಿದರು. “ಇಂತಿಸಾರ್, ಬಟ್ಟೆ ಕಟ್ಟು. ಹಬ್ಬ ತಾಂಟಾದಲ್ಲೇ. ಇವನು ಇಲ್ಲೇ ಕೂತು ಊರವರ ಟ್ರೇ ಕಾಯ್ಲಿ. ಏನಪ್ಪಾ, ಕಡ್ಡಿ ಕದ್ದಿದ್ದು ನೀನೇ ತಾನೇ?”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಸತ್ಯವನ್ನು ಇದ್ದ ಹಾಗೇ, ಮೊದಲಿನಿಂದ ಕೊನೆಯವರೆಗೆ, ವಿವರವಾಗಿ ಹೇಳಿಬಿಡಬೇಕೆಂದು ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು. ಎಲ್ಲರೂ ಕಾದರು.

“ಹೂಂ,” ಅಂದರು ವಗ್ದಿ ಮೇಷ್ಟ್ರು.